ಎಂಬತ್ತರ ವೇಗದ ನಡುಕ

"ಎಪ್ಪತ್ತೈದಕ್ಕ ಶುರು ಆಗತೈತ್ರಿ. ಎಂಬತ್ತಕ್ಕ ಕುಂತ ಸೀಟು ನಡಗತೈತಿ, ಸ್ಟೀರಿಂಗ್ ನಡಗತೈತಿ. ಅರವತ್ತರೊಳಗ ಏನೂ ಇಲ್ಲ, ಹೂವಿನಂಗ ಓಡತೈತಿ."

ಡ್ರೈವರ್ ಹೇಳಿದ್ದನ್ನು ಅವನ ಮಾತಿನಲ್ಲೇ ನೋಟ್‌ಬುಕ್ಕಿನ ಎಡಗಡೆ ಬರೆದುಕೊಂಡೆ. ಬಲಗಡೆ ಖಾಲಿ ಬಿಟ್ಟೆ. ಬೆಳಗಿನ ಏಳು ಗಂಟೆ. ಗೋಕಾಕದ ನನ್ನ ಮನೆಯ ಮುಂದೆ ಅವನ ಹಳೆಯ ಬಿಳಿ ಕಾರು ನಿಂತಿತ್ತು. ಎಂಜಿನ್ ಮುಂದೆ, ಅದರ ಜೋರು ಹೋಗುವುದು ಹಿಂದಿನ ಗಾಲಿಗೆ. ನಡುವೆ ನೆಲದಡಿಯಲ್ಲಿ ಉದ್ದನೆಯ ತಿರುಗುವ ಶಾಫ್ಟು. ಇಂಥ ಗಾಡಿಗಳು ಈಗ ಕಡಿಮೆ.

ಅವನೂ ನಾನೂ ಒಂದೇ ಬಸ್ ಡಿಪೋದಲ್ಲಿ ನಿವೃತ್ತರಾದವರು. ಅವನು ಡ್ರೈವರ್, ನಾನು ಫೋರ್ಮನ್. ಡಿಪೋದಲ್ಲಿ ಒಂದು ದೂರಿನ ರಿಜಿಸ್ಟರ್ ಇರುತ್ತಿತ್ತು. ಪುಟದ ನಡುವೆ ಒಂದು ಗೆರೆ. ಎಡಗಡೆ ಡ್ರೈವರನ ದೂರು, ಬಲಗಡೆ ಮೆಕ್ಯಾನಿಕ್ ಮಾಡಿದ ಕೆಲಸ. ಬಲಗಡೆ ಖಾಲಿ ಇದ್ದರೆ ಆ ಗಾಡಿ ಗೇಟು ದಾಟುವಂತಿಲ್ಲ. ಇನ್ನೊಂದು ನಿಯಮ ನಾನೇ ಹಾಕಿದ್ದು: ಯಾರ ದೂರೋ ಅವರೇ ಗಾಡಿ ಓಡಿಸಿ ತೋರಿಸಬೇಕು, ಮೆಕ್ಯಾನಿಕ್ ಪಕ್ಕದಲ್ಲಿ ಕುಳಿತು ಕೇಳಬೇಕು. ಮೆಕ್ಯಾನಿಕ್ ತಾನೇ ಸ್ಟೀರಿಂಗ್ ಹಿಡಿದರೆ "ನನಗೇನೂ ಕಾಣಲಿಲ್ಲ" ಎಂದು ಬರೆದು ಕೈ ತೊಳೆದುಕೊಳ್ಳುತ್ತಾನೆ. ಅದನ್ನು ತಡೆಯಲು ಮಾಡಿದ ನಿಯಮ. ನಿವೃತ್ತಿಯ ನಂತರವೂ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎರಡನ್ನೂ ಪಾಲಿಸಿಕೊಂಡು ಬಂದಿದ್ದೇನೆ.

ಡ್ರೈವರನ ಮನೆ ಕೊಣ್ಣೂರಿನಲ್ಲಿ. ಅವನ ಮಗಳು ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳನ್ನೂ ಅವಳ ಜೊತೆಯ ಮೂವರು ನರ್ಸುಗಳನ್ನೂ ದಿನಾ ಕೊಣ್ಣೂರಿನಿಂದ ಹುಕ್ಕೇರಿ, ಹತ್ತರಗಿ ಮಾರ್ಗವಾಗಿ ಹೆದ್ದಾರಿ ಹಿಡಿದು ಬೆಳಗಾವಿಗೆ ಒಯ್ದು ಕರೆತರುವುದು ಅವನ ಕೆಲಸ. ನಿವೃತ್ತನಾದ ಮೇಲೂ ಅವನು ನಾಲ್ಕೂವರೆಗೆ ಏಳುತ್ತಿದ್ದ, ಗಾಡಿ ತೊಳೆಯುತ್ತಿದ್ದ, ಖಾಕಿ ಅಂಗಿಗೆ ಇಸ್ತ್ರಿ ಹಾಕಿ ತೊಡುತ್ತಿದ್ದ. ಯಾರೂ ಖಾಕಿ ತೊಡು ಎಂದು ಹೇಳಿರಲಿಲ್ಲ.

ಆ ದಿನ ಮಗಳಿಗೆ ರಜೆ. ಅವಳೂ ಬಂದಿದ್ದಳು. ಅಪ್ಪನ ಮಾತು ಮುಗಿಯುವುದನ್ನು ಕಾದು ನನ್ನ ಕಡೆ ತಿರುಗಿದಳು.

"ಕಾಕಾ, ನಾ ಒಂದ ಮಾತು ಹೇಳತೇನ್ರಿ. ಗಾಡ್ಯಾಗ ದೋಷ ಇದ್ರ ತಗೀರಿ. ತಗದ ಮ್ಯಾಲೂ ನಡುಕ ಉಳೀತಂದ್ರ ಅದು ಗಾಡೀದಲ್ಲ, ಅಪ್ಪನ ಕೈಯಾಂದು. ಆವಾಗ ಚಾವಿ ನನ್ನ ಕೈಯಾಗ ಕೊಡಬೇಕು. ಮಾತು ಆಗೇತಿ ನಮ್ಮದು."

ಡ್ರೈವರ್ ನಕ್ಕ. "ಮೂವತ್ತ ವರ್ಷ ಐವತ್ತ ಮಂದೀನ ಕುಂದರಿಸ್ಕೊಂಡು ಘಾಟ ಇಳಿಸೇನಿ ಇದ ಕೈಲೆ. ಈಗ ನಾಕ ಮಂದಿ ನರ್ಸಬಾಯಿಗೋಳಿಗಿ ಈ ಕೈ ಸಾಲವಲ್ದಂತ ನೋಡ್ರಿ ಫೋರ್ಮನ್ ಸಾಹೇಬ್ರ."

"ಆವಾಗ ನಿನಗ ನಲವತ್ತ ವರ್ಷ ಆಗಿತ್ತಪಾ," ಎಂದಳು ಮಗಳು. ಅವಳು ನಗಲಿಲ್ಲ.

"ಒಂದ ವಾರ ಕೊಡು ಮಗಳ," ಎಂದೆ. ನಾನು ಯಾರ ಪಕ್ಷ ಎಂಬುದು ಆಗಲೇ ತೀರ್ಮಾನವಾಗಿತ್ತು. ದೋಷ ಗಾಡಿಯಲ್ಲಿರಬೇಕು, ನಾನು ಅದನ್ನು ಹಿಡಿಯಬೇಕು. ಅಲ್ಲಿಯವರೆಗೆ ನರ್ಸುಗಳು ಬಸ್ಸಿಗೆ ಹೋಗುವುದೆಂದಾಯಿತು.

ಮೊದಲ ದಿನ ಇಬ್ಬರೇ ಹತ್ತರಗಿಗೆ ಹೋದೆವು. ಅರ್ಧ ನೀರು ತುಂಬಿದ ಬಾಟಲಿಯನ್ನು ಗೇರ್ ದಾಂಡಿನ ಪಕ್ಕ ಸಿಕ್ಕಿಸಿದೆ. ಹೆದ್ದಾರಿಗೆ ಬಂದ ಮೇಲೆ ಒಂದು ಅಂಗೈ ಸೀಟಿನ ಅಂಚಿಗೆ, ಚಪ್ಪಲಿ ಬಿಚ್ಚಿದ ಪಾದ ನೆಲಕ್ಕೆ ಇಟ್ಟು ಕಣ್ಣು ಮುಚ್ಚಿದೆ. ಗಾಡಿಯನ್ನು ಕೇಳುವಾಗ ಕಣ್ಣು ಮುಚ್ಚುವುದು ನನ್ನ ಹಳೆಯ ಅಭ್ಯಾಸ.

"ಎಪ್ಪತ್ತು," ಎಂದ ಅವನು. "ಎಪ್ಪತ್ತೈದು. ಈಗ ನೋಡ್ರಿ. ಎಂಬತ್ತು."

ಬಂತು. ಪಾದದಡಿಯಲ್ಲಿ ಜುಮ್ಮೆಂದು ಶುರುವಾಗಿ ಸೀಟಿಗೆ ಏರಿತು. ಕಣ್ಣು ತೆರೆದರೆ ಬಾಟಲಿಯ ನೀರಿನ ಮೇಲೆ ಸಣ್ಣ ಸಣ್ಣ ಸುತ್ತು. ಹಲ್ಲು ಕಚ್ಚಿದರೆ ದವಡೆಯವರೆಗೆ ಗೊತ್ತಾಗುತ್ತಿತ್ತು.

"ನ್ಯೂಟ್ರಲ್ ಮಾಡು."

ಗೇರು ಬಿಡಿಸಿದ. ಎಂಜಿನ್ ಸದ್ದು ಕೆಳಗಿಳಿಯಿತು, ಗಾಡಿ ತನ್ನ ಓಟದಲ್ಲೇ ಹೋಗುತ್ತಿತ್ತು, ನಡುಕ ಹಾಗೆಯೇ ಇತ್ತು. ಅಲ್ಲಿಗೆ ಎಂಜಿನ್, ಕ್ಲಚ್ ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಿದೆ. ಉಳಿದದ್ದು ಗೇರ್‌ಬಾಕ್ಸಿನ ಹಿಂದೆ ತಿರುಗುವುದೆಲ್ಲ.

"ಐತೋ ಇಲ್ಲೋ?" ಎಂದ.

"ಐತಿ. ಗಾಡ್ಯಾಗ ಐತಿ."

ಅವನು ಸೀಟಿನಲ್ಲಿ ಒಂದು ಗೇಣು ಎತ್ತರವಾದಂತೆ ಕಂಡ.

ಎರಡನೇ ದಿನ ಗಾಲಿಗಳು. ಅವನು ಹೊಲದ ದಾರಿಯಲ್ಲೂ ಗಾಡಿ ಓಡಿಸುವವನು. ನಾಲ್ಕೂ ರಿಮ್ಮಿನ ಒಳಗಡೆ ಎರೆಮಣ್ಣು ಒಣಗಿ ಹೆಂಟೆಯಾಗಿ ಕಚ್ಚಿಕೊಂಡಿತ್ತು. ಕೆತ್ತಿ ತೆಗೆದು, ಬ್ಯಾಲೆನ್ಸಿಂಗ್ ಮಾಡಿಸಿ, ಮುಂದಿನ ಗಾಲಿ ಹಿಂದೆ, ಹಿಂದಿನದು ಮುಂದೆ ಹಾಕಿದೆವು. ಹತ್ತರಗಿಗೆ ಹೋದೆವು. ಎಂಬತ್ತಕ್ಕೆ ನಡುಕ ಅದೇ ಜಾಗದಲ್ಲಿ ಅಷ್ಟೇ ಇತ್ತು. ಬಲಗಡೆ ಬರೆದೆ: ಗಾಲಿ ಅಲ್ಲ.

ಮೂರನೇ ದಿನ ಶಾಫ್ಟು. ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಹಿಂದಿನ ಗಾಲಿ ಬಿಚ್ಚಿ, ಅವನನ್ನು ಒಳಗೆ ಕೂರಿಸಿ ಗೇರಿನಲ್ಲಿ ನಿಧಾನ ತಿರುಗಿಸಲು ಹೇಳಿದೆ. ನಾನು ಪಕ್ಕದಲ್ಲಿ ಮಲಗಿ, ತಿರುಗುವ ಶಾಫ್ಟಿಗೆ ಬಣ್ಣದ ಸೀಮೆಸುಣ್ಣವನ್ನು ಮೆಲ್ಲಗೆ ಹತ್ತಿರ ಹಿಡಿದೆ. ಶಾಫ್ಟು ಬಾಗಿದ್ದರೆ ಉಬ್ಬಿದ ಕಡೆ ಮಾತ್ರ ಗೆರೆ ಬೀಳುತ್ತದೆ, ನೇರವಿದ್ದರೆ ಸುತ್ತಲೂ. ಗೆರೆ ಸುತ್ತಲೂ ಬಿತ್ತು. ಆದರೂ ಬಿಡಲಿಲ್ಲ. ರಬ್ಬರ್ ಪೈಪಿಗೆ ಬಿಗಿಯುವ ಎರಡು ಕ್ಲಿಪ್ಪು ತಂದು ಶಾಫ್ಟಿಗೆ ಬಿಗಿದು, ಅವುಗಳ ತಲೆಯನ್ನು ಅಷ್ಟಷ್ಟೇ ತಿರುಗಿಸಿ ಇಟ್ಟು, ಪ್ರತಿ ಸಲ ಹೆದ್ದಾರಿಗೆ ಹೋಗಿ ನೋಡಿದೆವು. ಶಾಫ್ಟಿನ ಒಂದು ಮಗ್ಗುಲು ಭಾರವಿದ್ದರೆ ಎಲ್ಲೋ ಒಂದು ಕಡೆ ಕ್ಲಿಪ್ಪು ಅದನ್ನು ಸಮ ಮಾಡುತ್ತದೆ. ಆರು ಸಲ ಹೋಗಿಬಂದೆವು. ಹುಕ್ಕೇರಿಯ ಚಹಾ ಅಂಗಡಿಯವನು ಆರನೇ ಸಲ ಕೇಳಿಯೇ ಬಿಟ್ಟ:

"ಏನ್ ಕಾಕಾ, ಹೆಣ್ಣ ನೋಡಾಕ ಹೊಂಟೀರೇನು? ಒಂದೂ ಒಪ್ಪಿಗಿ ಆಗವಲ್ದೇನು?"

"ನಿನ್ನ ಚಹಾ ಒಪ್ಪಿಗಿ ಆಗವಲ್ದಪಾ," ಎಂದ ಡ್ರೈವರ್. ಅವನು ಆ ದಿನ ಚಹಾ ಕುಡಿದಿರಲಿಲ್ಲ. ಡಿಪೋದಲ್ಲಿ ದಿನಕ್ಕೆ ಹತ್ತು ಕಪ್ಪು ಕುಡಿಯುತ್ತಿದ್ದವನು. ನಾನು ಅದನ್ನು ನೋಡಿದೆ. ಅದು ಗಾಡಿಯ ವಿಷಯವಲ್ಲವಾದ್ದರಿಂದ ಬರೆದುಕೊಳ್ಳಲಿಲ್ಲ.

ನಾಲ್ಕನೇ ದಿನ ಶಾಫ್ಟನ್ನೇ ಇಳಿಸಿದೆ. ಇಳಿಸುವ ಮೊದಲು ಜೋಡಣೆಯ ಎರಡೂ ಕಡೆ ಚಾಣದಿಂದ ಗುರುತು ಹೊಡೆದುಕೊಂಡೆ, ತಿರುಗಿ ಹಾಕುವಾಗ ಒಂದು ಹಲ್ಲೂ ಹಿಂದೆಮುಂದೆ ಆಗಬಾರದು. ಶಾಫ್ಟಿನ ಎರಡು ತುದಿಯಲ್ಲಿ ಕೀಲಿನಂತೆ ಮಡಿಯುವ ಕ್ರಾಸುಗಳಲ್ಲಿ ಹಿಂದಿನದರ ಗ್ರೀಸು ಒಣಗಿತ್ತು. ಬಟ್ಟಲು ತೆಗೆದರೆ ಕೆಂಪು ತುಕ್ಕಿನ ಪುಡಿ ಉದುರಿತು. ಇದೇ ಎಂದುಕೊಂಡೆ. ಡ್ರೈವರನಿಗೆ ಪುಡಿ ತೋರಿಸಿದೆ. ಅವನು ಅದನ್ನು ಒಂದು ಕಾಗದದಲ್ಲಿ ಕಟ್ಟಿಕೊಂಡ.

"ಯಾಕೋ?"

"ಮಗಳಿಗಿ ತೋರಸಾಕ. ಸಾಕ್ಷಿ ಬೇಕಲ್ರಿ."

ಎರಡೂ ಕ್ರಾಸು ಹೊಸದು ಹಾಕಿ, ಗುರುತಿಗೆ ಗುರುತು ಕೂಡಿಸಿ, ಗ್ರೀಸು ತುಂಬಿ, ಐದನೇ ದಿನ ಬೆಳಗ್ಗೆ ಹೋದೆವು. ಎಪ್ಪತ್ತೈದು. ಎಂಬತ್ತು. ಪಾದದಡಿಯಲ್ಲಿ ಅದೇ ಜುಮ್ಮು. ಸ್ವಲ್ಪ ಮೆತ್ತಗಾಗಿತ್ತು ಎಂದು ಹೇಳಿಕೊಳ್ಳಬಹುದಿತ್ತು. ನಾನು ಹೇಳಿಕೊಳ್ಳಲಿಲ್ಲ.

ಹೆದ್ದಾರಿಯ ಬದಿಗೆ ಗಾಡಿ ನಿಲ್ಲಿಸಿದೆವು. ನೋಟ್‌ಬುಕ್ಕಿನಲ್ಲಿ ಹೊಡೆದುಹಾಕದ ಸಾಲು ಒಂದೂ ಉಳಿದಿರಲಿಲ್ಲ. ಇದ್ದದ್ದನ್ನೆಲ್ಲ ಕ್ರಮವಾಗಿ ಮಾಡಿ ಮುಗಿಸಿ, ಮುಂದೇನು ಎಂದು ಗೊತ್ತಿಲ್ಲದೆ ಕೂರುವುದು ನನಗೆ ಹೊಸದು. ಡಿಪೋದಲ್ಲಿ ಇಂಥ ಹೊತ್ತಿನಲ್ಲಿ ಒಬ್ಬ ಅಸಿಸ್ಟೆಂಟ್ ಇರುತ್ತಿದ್ದ, ಒಂದು ಕೈಪಿಡಿ ಇರುತ್ತಿತ್ತು, ಇನ್ನೊಂದು ಬಸ್ ಇರುತ್ತಿತ್ತು. ಇಲ್ಲಿ ನಾವಿಬ್ಬರು ಮುದುಕರು, ಪಕ್ಕದಲ್ಲಿ ಸುಯ್ಯೆಂದು ಹೋಗುವ ಲಾರಿಗಳು.

"ಎರಡ ದಿನ ಉಳದೈತ್ರಿ," ಎಂದ ಅವನು.

ಅಂದು ಸಂಜೆ ಕೊಣ್ಣೂರಿನ ಅವನ ಮನೆಯಲ್ಲಿ ಮಗಳು ಡ್ಯೂಟಿಯಿಂದ ಬಂದಿದ್ದಳು. ತುಕ್ಕಿನ ಪುಡಿಯ ಪೊಟ್ಟಣ ನೋಡಿ ಪಕ್ಕಕ್ಕಿಟ್ಟಳು. ನಾನು ಅವಳನ್ನು ವಿಚಾರಿಸಿದೆ: ನೀವು ಹಿಂದೆ ಕುಳಿತವರಿಗೆ ನಡುಕ ಹೇಗೆ ಗೊತ್ತಾಗುತ್ತಿತ್ತು? ಇದನ್ನು ಮೊದಲ ದಿನವೇ ಕೇಳಬೇಕಿತ್ತು.

"ನಾವು ನಾಕೂ ಮಂದಿ ಕುಂತ್ರ ಸೀಟು ನಡಗೂದಿಲ್ರಿ ಕಾಕಾ. ಬರೇ ಸ್ಟೀರಿಂಗ್ ನಡಗತೈತಿ. ಅಪ್ಪ ಒಬ್ಬನ ಇದ್ದಾಗ ಸೀಟೂ ನಡಗತೈತಂತ, ಅಂವ ಹೇಳತಾನ."

ನಾನು ಎದ್ದೇ ನಿಂತೆ. ಜನ ತುಂಬಿದರೆ ನಡುಕ ಇಲ್ಲ, ಗಾಡಿ ಖಾಲಿ ಇದ್ದರೆ ಉಂಟು. ಎಂದರೆ ಹಿಂಭಾಗ ಎತ್ತರವಿದ್ದಾಗ ಶಾಫ್ಟಿನ ಓರೆ ತಪ್ಪುತ್ತಿದೆ. ಐದು ದಿನ ನಾವು ಖಾಲಿ ಗಾಡಿಯನ್ನೇ ಓಡಿಸಿದ್ದೆವು. ನೋಟ್‌ಬುಕ್ಕಿನಲ್ಲಿ ಬರೆದೆ: ಭಾರ ಹಾಕಿದರೆ ಸೀಟಿನ ನಡುಕ ಇಲ್ಲ.

ಅವಳ ಮಾತಿನ ಅರ್ಧವನ್ನಷ್ಟೇ ಬರೆದಿದ್ದೆ. ಇನ್ನರ್ಧ ಕಿವಿಗೆ ಬಿದ್ದಿತ್ತು. ಬರೆಯಲಿಲ್ಲ.

"ಹಿಂದಿನ ಪಾಟಾಕ್ಕೆ ಏನರ ಮಾಡಿಸಿದ್ದಿ ಏನು?" ಎಂದು ಡ್ರೈವರನನ್ನು ಕೇಳಿದೆ. ಪಾಟಾ ಎಂದರೆ ಆಕ್ಸಲಿನ ಮೇಲೆ ಗಾಡಿಯ ಭಾರ ಹೊರುವ ಸ್ಪ್ರಿಂಗಿನ ಪಟ್ಟಿ.

"ಹೋದ ವರ್ಷ ಮೂಡಲಗಿಯಾಗ ಒಂದ ಪಾಟಾ ಜಾಸ್ತಿ ಕಟ್ಟಿಸೇನ್ರಿ. ರೋಡಿನ ಹಂಪಿಗಿ ಗಾಡಿ ತಳ ಬಡೀತಿತ್ತು."

ಆರನೇ ದಿನ ಬೆಳಗ್ಗೆ ಅಂಗಡಿಯಿಂದ ಶಾಲೆಯ ಮಕ್ಕಳ ಕೋನಮಾಪಕ ಒಂದನ್ನು ತಂದು, ಅದರ ನಡುವಿನ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ನಟ್ಟು ಇಳಿಬಿಟ್ಟೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಕೆಳಗೆ ಹೋಗಿ, ಗೇರ್‌ಬಾಕ್ಸಿನ ಬಾಯಿಗೆ ಹಿಡಿದೆ: ಮೂರು ಡಿಗ್ರಿ. ಹಿಂದಿನ ಆಕ್ಸಲಿನ ಮೂತಿಗೆ ಹಿಡಿದೆ: ಎಂಟು. ಎರಡೂ ಸಮ ಇರಬೇಕು. ಶಾಫ್ಟಿನ ಒಂದು ತುದಿಯ ಕ್ರಾಸು ಮಾಡುವ ಎಳೆದಾಟವನ್ನು ಇನ್ನೊಂದು ತುದಿಯದು ತೊಡೆದುಹಾಕಬೇಕು. ಐದು ಡಿಗ್ರಿ ಅಂತರವಿದ್ದರೆ ತೊಡೆಯುವುದಿಲ್ಲ. ಮೂರು ಸಲ ಅಳೆದೆ. ಪಾಟಾ ಮತ್ತು ಆಕ್ಸಲಿನ ನಡುವೆ ಒಂದು ಕಬ್ಬಿಣದ ಬೆಣೆ ಕಂಡಿತು. ಅದನ್ನು ಅಳೆದೆ: ಎರಡೂವರೆ ಡಿಗ್ರಿ.

ಕಲ್ಲೋಳಿ ದಾಟಿ ಮೂಡಲಗಿಗೆ ಹೋದೆವು. ಪಾಟಾ ಮೇಸ್ತ್ರಿಯ ಅಂಗಳದ ತುಂಬ ಕಬ್ಬಿನ ಟ್ರೇಲಿಗಳು. ಅವನು ಬಗ್ಗಿ ಬೆಣೆ ನೋಡಿದ.

"ನಾನ ಹಾಕೇನ್ರಿ. ಪಾಟಾ ಏರಿಸಿದ್ರ ಆಕ್ಸಲ್ ವಾರಿ ಆಗತೈತಿ. ಅದಕ್ಕ ಬೆಣಿ ಬೇಕ."

"ಬೆಣಿ ಬೇಕ. ದಪ್ಪ ಮಗ್ಗಲು ಯಾಕ ಈ ಕಡೆ ಇಟ್ಟಿ?"

ಮೇಸ್ತ್ರಿ ತಲೆ ಕೆರೆದುಕೊಂಡ. "ಇಪ್ಪತ್ತ ವರ್ಷ ಆತು ಟ್ರೇಲಿ ಪಾಟಾ ಕಟ್ಟಾಕತ್ತೇನಿ. ಹಿಂಗ ಇಡತೇನ್ರಿ ಯಾವಾಗ್ಲೂ."

"ಟ್ರೇಲಿಗಿ ಶಾಫ್ಟ ಐತೇನೋ?"

ಅವನು ಅಂಗಳದ ಟ್ರೇಲಿಗಳ ಕಡೆ ಒಮ್ಮೆ ನೋಡಿದ. ಟ್ರೇಲಿಯನ್ನು ಟ್ರ್ಯಾಕ್ಟರ್ ಎಳೆಯುತ್ತದೆ. ಅದರ ಆಕ್ಸಲಿಗೆ ಜೋರು ಹೋಗುವುದಿಲ್ಲ, ಬೆಣೆ ಎತ್ತ ಇಟ್ಟರೂ ನಡೆಯುತ್ತದೆ. "ಅಯ್ಯ ಇವನ," ಎಂದು ತನ್ನ ಹಣೆಗೆ ತಾನೇ ಮೆಲ್ಲಗೆ ಹೊಡೆದುಕೊಂಡ. "ತಪ್ಪ ನಂದ ಐತಿ ಬಿಡ್ರಿ ಸಾಹೇಬ್ರ. ಚಹಾ ತರಸ್ತೇನಿ, ಕುಂದರ್ರಿ."

ಡ್ರೈವರ್ ಚಹಾ ಬೇಡವೆಂದ.

ಬೆಣೆಯನ್ನು ತಿರುವಿ ಹಾಕಿದೆವು. ಎರಡೂವರೆ ಡಿಗ್ರಿಯ ಬೆಣೆ ತಿರುಗಿದರೆ ಐದು ಡಿಗ್ರಿ ಬದಲಾಗುತ್ತದೆ. ಕೋನಮಾಪಕ ಹಿಡಿದೆ: ಗೇರ್‌ಬಾಕ್ಸು ಮೂರು, ಆಕ್ಸಲು ಮೂರು. ನನ್ನ ಕೈಯಲ್ಲಿದ್ದ ಸ್ಪ್ಯಾನರಿನಿಂದ ಮೇಸ್ತ್ರಿಯ ಬೆನ್ನು ತಟ್ಟಿದೆ. ಮೆಚ್ಚುಗೆಗೋ ಸಿಟ್ಟಿಗೋ ಅವನಿಗೂ ತಿಳಿಯಲಿಲ್ಲ.

ಏಳನೇ ದಿನ, ಹತ್ತರಗಿ. ಕಣ್ಣು ಮುಚ್ಚಿದೆ. ಎಪ್ಪತ್ತೈದು. ಎಂಬತ್ತು. ಎಂಬತ್ತೈದು. ಪಾದದಡಿಯಲ್ಲಿ ಏನೂ ಇಲ್ಲ. ಸೀಟಿನಲ್ಲಿ ಏನೂ ಇಲ್ಲ. ಕಣ್ಣು ತೆರೆದು ಬಾಟಲಿ ನೋಡಿದೆ. ನೀರು ಒಂದೇ ಕಡೆಗೆ ವಾಲಿ ಸುಮ್ಮನಿತ್ತು.

"ಆತು!" ಎಂದೆ.

ಅವನು ಅದೇ ವೇಗದಲ್ಲಿ ಓಡಿಸಿದ. ಸ್ವಲ್ಪ ದೂರ ಹೋದ ಮೇಲೆ ಹೇಳಿದ: "ಸೀಟ ಬರೊಬ್ಬರಿ ಆತು. ಸ್ಟೀರಿಂಗ್‌ನ್ಯಾಗ ಇನ್ನೂ ಐತ್ರಿ."

ಆಗ ಮೊದಲ ಸಲ ಅವನ ಕೈ ನೋಡಿದೆ. ಎರಡೂ ಕೈ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದವು. ಚಕ್ರ ಸಣ್ಣಗೆ ಅಲುಗುತ್ತಿತ್ತು. ಅಲುಗುತ್ತಿರುವುದು ಚಕ್ರವೋ ಕೈಯೋ, ನೋಡಿ ಹೇಳುವುದು ಆಗದ ಮಾತು.

"ಮುಂದಿನ ಗಾಲಿ ಜೋಡಣಿ ನೋಡೂಣ," ಎಂದೆ. "ಮಗಳಿಗಿ ಹೇಳು, ಇನ್ನ ಎರಡ ದಿನ."

ಆ ಎರಡು ದಿನ ನಾನು ಮಾಡಿದ್ದನ್ನು ಬರೆಯಲು ಸಂಕೋಚವಾಗುತ್ತದೆ. ಮುಂದಿನ ಗಾಲಿಗಳ ಬೇರಿಂಗ್ ಬಿಚ್ಚಿದೆ, ಚೆನ್ನಾಗಿದ್ದವು. ಸ್ಟೀರಿಂಗಿನ ಕೀಲುಗಳನ್ನು ಒಂದೊಂದಾಗಿ ಅಲುಗಿಸಿದೆ, ಬಿಗಿಯಾಗಿದ್ದವು. ಡ್ರಮ್ಮು, ಬುಶ್ಶು, ಗಾಲಿಯ ಓರೆ, ಎಲ್ಲ ನೋಡಿದೆ. ಚೆನ್ನಾಗಿದ್ದ ಎರಡು ಕೀಲುಗಳನ್ನೂ ತೆಗೆದು ಹೊಸದು ಹಾಕಿದೆ. ಡಿಪೋದಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ನಿಲ್ಲಿಸಿ ಬೈಯುತ್ತಿದ್ದೆ. ನಾನು ಹುಡುಕುತ್ತಿದ್ದದ್ದು ದೋಷವನ್ನಲ್ಲ. ಒಂದು ದೋಷ ಸಿಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಡ್ರೈವರ್ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಸ್ಪ್ಯಾನರ್, ಬೋಲ್ಟು ಕೊಡುತ್ತಿದ್ದ. ಒಂದು ಬೋಲ್ಟು ಅವನ ಬೆರಳಿಂದ ಜಾರಿ ಬಿತ್ತು. ಎತ್ತಿಕೊಟ್ಟ. ಇನ್ನೊಂದು ಸಲ ಬಿತ್ತು. ಇಬ್ಬರೂ ಗ್ರೀಸಿನ ಮೇಲೆ ತಪ್ಪು ಹಾಕಿದೆವು.

ಹತ್ತನೇ ದಿನ ಮತ್ತೆ ಹೊರಟೆವು. ಹುಕ್ಕೇರಿ ದಾಟಿದ ಮೇಲೆ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಲು ಹೇಳಿದೆ. ದಾರಿಯುದ್ದಕ್ಕೂ ಒಂದೇ ವಿಚಾರ ಮಾಡುತ್ತ ಬಂದಿದ್ದೆ. ಯಾರ ದೂರೋ ಅವರೇ ಓಡಿಸಬೇಕು ಎಂಬ ನನ್ನ ನಿಯಮ ಡ್ರೈವರನನ್ನು ಕಾಯಲು ಮಾಡಿದ್ದು. ಹತ್ತು ದಿನದಿಂದ ನಾನು ಅದನ್ನು ಅಡಗಿಕೊಳ್ಳಲು ಬಳಸುತ್ತಿದ್ದೆ.

"ಈ ಕಡೆ ಬಾ. ನಾ ಓಡಸ್ತೇನಿ."

ಅವನು ತಕ್ಷಣ ಇಳಿಯಲಿಲ್ಲ. "ನಿಮ್ಮ ನಿಯಮ ಏನಾತ್ರಿ?"

"ಮುರೀತು."

"ಮೂವತ್ತ ವರ್ಷ ಮುರೀಲಿಲ್ಲ."

"ಇಳಿ."

ಇಳಿದ. ಮುಂದಿನಿಂದ ಸುತ್ತಿ ಬಂದು ಎಡಗಡೆ ಕುಳಿತ. ಹತ್ತರಗಿಯಲ್ಲಿ ಹೆದ್ದಾರಿಗೆ ಏರಿಸಿದೆ. ಎಪ್ಪತ್ತು. ಎಪ್ಪತ್ತೈದು. ನಡುಕ ಬರಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ಗಾಡಿ ಕೆಟ್ಟಿರಲಿ ಎಂದು ನನ್ನ ಜನ್ಮದಲ್ಲಿ ಬೇಡಿಕೊಂಡದ್ದು ಅದೊಂದೇ ಸಲ. ಎಂಬತ್ತು. ಸ್ಟೀರಿಂಗ್ ನನ್ನ ಕೈಯಲ್ಲಿ ಊಟದ ತಾಟಿನಂತೆ ನಿಶ್ಚಲವಾಗಿತ್ತು. ಎಂಬತ್ತೈದು. ಎರಡು ಬೆರಳಿನಲ್ಲಿ ಹಿಡಿದೆ. ಏನೂ ಇಲ್ಲ. ಬೇಕೆಂದೇ ತೊಂಬತ್ತಕ್ಕೆ ಒಯ್ದೆ. ಗಾಡಿ ಸುಮ್ಮನೆ ಓಡುತ್ತಿತ್ತು.

ಅವನು ರಸ್ತೆ ನೋಡುತ್ತಿರಲಿಲ್ಲ. ನನ್ನ ಎರಡು ಬೆರಳನ್ನೇ ನೋಡುತ್ತಿದ್ದ.

ಬದಿಗೆ ಹಾಕಿ ನಿಲ್ಲಿಸಿದೆ. ಎಂಜಿನ್ ಆರಿಸಿದೆ. ಅವನು ಕೈ ಚಾಚಿದ.

"ಪುಸ್ತಕ ಕೊಡ್ರಿ."

ಕೊಟ್ಟೆ. ಪೆನ್ನು ಕೊಟ್ಟೆ. ಡಿಪೋದಲ್ಲಿ ಅವನ ಅಕ್ಷರ ದುಂಡಗಿರುತ್ತಿತ್ತು, ಬೇರೆ ಡ್ರೈವರುಗಳು ತಮ್ಮ ದೂರನ್ನು ಅವನಿಂದಲೇ ಬರೆಸುತ್ತಿದ್ದರು. ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟು, ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಒತ್ತಿಹಿಡಿದು ಬರೆದ. ಬಹಳ ಹೊತ್ತು ಹಿಡಿಯಿತು. ನಾನು ಹೊರಗೆ ನೋಡುತ್ತ ಕುಳಿತೆ. ತಿರುಗಿ ಕೊಟ್ಟಾಗ ಓದಿದೆ. ಎಡಗಡೆ, ಕೊನೆಯ ಸಾಲಿನಲ್ಲಿ, ಗೆರೆ ಮೇಲೆ ಕೆಳಗೆ ಹಾರುವ ಅಕ್ಷರದಲ್ಲಿ: ಗಾಡಿ ಬರೊಬ್ಬರಿ ಇದೆ. ಕೈ ನಡುಗುತ್ತದೆ.

"ಯಾವಾಗಿನಿಂದ?" ಎಂದೆ.

"ಮಳಿಗಾಲದಿಂದ. ಮೊದಲ ಚಹಾದ ಕಪ್ಪ ಬಸೀನ್ಯಾಗ ಗೊತ್ತಾತು. ಗಾಡೀದ ಇರಬೇಕು ಅಂತ ನಾ ಖರೇನ ತಿಳಕೊಂಡಿದ್ನಿ ಫೋರ್ಮನ್ ಸಾಹೇಬ್ರ. ಸೀಟೂ ನಡಗತಿತ್ತಲ್ರಿ. ಜೋರ ಓಡಸಾಗ ಬಿಗಿ ಹಿಡದ್ರ ಕೈ ನಡಗೂದು ಹೆಚ್ಚ ಆಗತಿತ್ತು, ಎರಡೂ ಒಂದ ಅಂತ ತಿಳಕೊಂಡ್ನಿ."

"ನಾನೂ ಹಂಗ ತಿಳಕೊಂಡೆ."

ಪೆನ್ನು ತೆರೆದು ಬಲಗಡೆಯ ಸಾಲಿಗೆ ಹಿಡಿದೆ. ಡಾಕ್ಟರಿಗೆ ತೋರಿಸುವುದು ಎಂದು ಬರೆಯಬಹುದಿತ್ತು. ಅದು ನಾನು ಮಾಡಿದ ಕೆಲಸವಲ್ಲ. ಬಲಗಡೆ ಮಾಡಿದ ಕೆಲಸವನ್ನಷ್ಟೇ ಬರೆಯಬೇಕು. ಪೆನ್ನು ಮುಚ್ಚಿದೆ.

"ಊರಿನ ಒಳಗ ನೀನ ಓಡಸು," ಎಂದೆ. "ನಲವತ್ತರ ಮ್ಯಾಲ ಹೋಗೂದಿಲ್ಲ. ಮನಿ ಮುಂದ ಡ್ರೈವರ್ ಸೀಟಿಂದ ನೀನ ಇಳದ್ರ ಚೊಲೋ. ಮಗಳು ನೋಡತಾಳ."

ಅವನು ನೋಟ್‌ಬುಕ್ಕಿನ ಬಲಗಡೆಯ ಖಾಲಿ ಸಾಲಿನ ಮೇಲೆ ಬೆರಳಿಟ್ಟ. ಬೆರಳು ಕಾಗದದ ಮೇಲೆ ಸಣ್ಣಗೆ ಸದ್ದು ಮಾಡುತ್ತಿತ್ತು.

"ಇದು ಖಾಲಿ ಇದ್ರ ಗಾಡಿ ಗೇಟ ದಾಟೂಹಂಗಿಲ್ಲ," ಎಂದ. "ನೀವ ಹೇಳಿದ್ದ. ನಡೀರಿ."

ಚಾವಿ ತಿರುಗಿಸಿದೆ. ಹೆದ್ದಾರಿಯಿಂದ ಹುಕ್ಕೇರಿ ದಾಟಿ ಕೊಣ್ಣೂರಿನವರೆಗೆ ನಾನೇ ಓಡಿಸಿದೆ. ದಾರಿಯಲ್ಲಿ ಹಂಪು ಬಹಳ. ಪ್ರತಿಯೊಂದು ಹಂಪಿಗೂ ನಾನು ಬ್ರೇಕು ಒತ್ತುವ ಮೊದಲೇ, ಎಡಗಡೆ ಕುಳಿತ ಅವನ ಬಲಗಾಲು ಬರೀ ನೆಲವನ್ನು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಒತ್ತುತ್ತಿತ್ತು.